ನಮ್ಮ ಮನೆಯಲ್ಲಿ ಅದಕ್ಕೆ ಮನೂಕಾ ಅಂತಾರೆ

ಬಸುರಿ ಹೆಂಗಸರು ಮಣ್ಣು ತಿನ್ನುವುದನ್ನು ನೋಡಿದ್ದೆ. ನಾನೇ ತಿಂದಿದ್ದೇನೆ, ಒಲೆಯ ಸುಟ್ಟ ಮಣ್ಣು, ಅತ್ತೆಯ ಕಣ್ಣು ತಪ್ಪಿಸಿ. ಆದರೆ ಜೀಪಿನಿಂದ ಇಳಿದು, ಬೂಟುಗಾಲಲ್ಲಿ ನಮ್ಮ ಹೊಲದ ಮೂಲೆಗೆ ನಡೆದು, ಒಂದು ಚಿಟಿಕೆ ಕೆಂಪು ಮುರುಮು ಮಣ್ಣನ್ನು ನಾಲಿಗೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿ ನಿಂತವರನ್ನು ಅದೇ ಮೊದಲ ಸಲ ನೋಡಿದ್ದು. ಬೀದರದ ವೈನ್ ಫ್ಯಾಕ್ಟರಿಯ ಮೇಡಮ್ ಅವರು. ಬಸುರಿ ಇರಬೇಕು ಅಂದುಕೊಂಡೆ. ಇನ್ನೂ ಮದುವೆಯೇ ಆಗಿಲ್ಲ ಎಂದು ನಮ್ಮ ಯಜಮಾನರು ಕಿವಿಯಲ್ಲಿ ಹೇಳಿದರು. ಹಾಗಾದರೆ ಮಾಟವೇ ಸೈ ಎಂದು ತೀರ್ಮಾನ ಮಾಡಿದೆ.

"ಯಾಕ್ರೀ ಮೇಡಮ್ಮರ, ಉಪ್ಪ ಕಮ್ಮಿ ಆಗ್ಯಾದೇನು?" ಎಂದು ಕೇಳಿಯೇಬಿಟ್ಟೆ.

ಅವರು ನಕ್ಕರು. ಬೀದರದಲ್ಲೇ ಹುಟ್ಟಿದವರಾದರೂ ದೂರದಲ್ಲಿ ಓದಿ ಬಂದದ್ದರಿಂದ ಅವರದು ಪುಸ್ತಕದ ಕನ್ನಡ. "ಇಲ್ಲ ಅಕ್ಕಾ. ಈ ಮಣ್ಣಿಗೆ ಅದರದೇ ಒಂದು ರುಚಿ ಇದೆ. ಅದು ಹಣ್ಣಿಗೆ ಬರಬೇಕು. ಹಣ್ಣಿನಿಂದ ವೈನಿಗೆ..."

"ಮೆಲ್ಲಕ್ರೀ!" ಎಂದು ನಾನು ಹೌಹಾರಿ ಹಿಂದೆ ತಿರುಗಿ ನೋಡಿದೆ. ಅತ್ತೆ ಅಲ್ಲೇ, ತೀರಿಹೋದ ಮಾವನ ಗದ್ದುಗೆಯ ಕಟ್ಟೆಯ ಮೇಲೆ ಕಸ ಗುಡಿಸುತ್ತಿದ್ದರು. ಕೇಳಿಸಿತೋ ಇಲ್ಲವೋ ಗೊತ್ತಾಗಲಿಲ್ಲ. ಕಸಬರಿಗೆ ಮಾತ್ರ ಒಂದು ಗಳಿಗೆ ನಿಂತಂತೆ ಕಂಡಿತು.

ನಮ್ಮ ದ್ರಾಕ್ಷಿ ಎಲ್ಲಿಗೆ ಹೋಗುತ್ತದೆ ಎಂಬುದು ಅತ್ತೆಗೆ ಗೊತ್ತಾಗಬಾರದಿತ್ತು. ಮೊದಲ ಸಲ ಲಾರಿ ಬಂದು ನಿಂತಾಗ, "ಎಲ್ಲಿಗಿ ಹೊಂಟಾವೋ ತಮ್ಮಾ ಹಣ್ಣ?" ಎಂದು ಅವರು ಕೇಳಿದ್ದರು. "ಮನೂಕಾ ಮಾಡಲಕ್ಕ ಅವ್ವಾ, ಮಹಾರಾಷ್ಟ್ರದ ಕಡಿಗಿ," ಎಂದು ಯಜಮಾನರು ಬಾಯಿಗೆ ಬಂದದ್ದು ಹೇಳಿದ್ದರು. ಮನೂಕಾ ಎಂದರೆ ಒಣದ್ರಾಕ್ಷಿ. ಅಂದಿನಿಂದ ನಮ್ಮ ಮನೆಯಲ್ಲಿ ಅದಕ್ಕೆ ಅದೇ ಹೆಸರು. ಮನೂಕಾ ಲಾರಿ, ಮನೂಕಾ ಸಾವುಕಾರರು, ಮನೂಕಾ ಫ್ಯಾಕ್ಟರಿ. ಅತ್ತೆಯ ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ, ಹೊಲ ಪೂರ್ತಿ ಅವರ ಹೆಸರಿನಲ್ಲಿ. ಆ ಹಣ್ಣು ಹೆಂಡವಾಗುತ್ತದೆ ಎಂದು ತಿಳಿದ ದಿನ ಬಳ್ಳಿಗಳನ್ನು ಬುಡಸಮೇತ ಕೀಳಿಸುತ್ತಾರೆ ಎಂಬುದರಲ್ಲಿ ನಮಗೆ ಯಾವ ಅನುಮಾನವೂ ಇರಲಿಲ್ಲ. ನಾನು ಮದುವೆಯಾಗಿ ಬಂದ ಹೊಸತರಲ್ಲಿ ಅವರ ಒಡಹುಟ್ಟಿದ ತಮ್ಮ ಕುಡಿದು ಊಟಕ್ಕೆ ಕೂತಿದ್ದ. ಮುಂದಿದ್ದ ತಾಟು ಎತ್ತಿಕೊಂಡು ಹೋಗಿ ಎಮ್ಮೆಯ ಮುಂದೆ ಇಟ್ಟುಬಂದ ಹೆಂಗಸು ಅದು.

ನಾನು ಭಾಲ್ಕಿಯವಳು. ನಮ್ಮಪ್ಪನದು ಗಂಜಿನಲ್ಲಿ, ಅಂದರೆ ಕಾಳಿನ ಪೇಟೆಯಲ್ಲಿ, ಅಡತಿ ಅಂಗಡಿ, ರೈತರ ಕಾಳು ತೂಗಿ ವ್ಯಾಪಾರಿಗಳಿಗೆ ಕೊಡಿಸುವ ಕೆಲಸ. ಸಾಲೆ ಬಿಟ್ಟ ಮೇಲೆ ಅಲ್ಲೇ ಚೀಲದ ಮೇಲೆ ಕೂತು ಬೆಳೆದೆ. "ಮಾರಿ ನೋಡಬ್ಯಾಡ, ತಕ್ಕಡಿ ಹಿಡದ ಕೈ ನೋಡು," ಎಂದು ಅಪ್ಪ ಕಲಿಸಿದ್ದ. ಹಾಗಾಗಿ ಶಕ್, ಅಂದರೆ ಅನುಮಾನ, ನನಗೆ ತವರಿನ ಬಳುವಳಿ. ಔರಾದದ ಕಡೆ, ಮಹಾರಾಷ್ಟ್ರದ ಗಡಿಗೆ ಹತ್ತಿದ ಈ ಊರಿಗೆ ಸೊಸೆಯಾಗಿ ಬಂದ ದಿನ ಮಾವನವರು, "ಭಾಲ್ಕಿ ಹುಡುಗಿ ಉಪ್ಪಿಟ್ಟಿನ್ಯಾಗ ಸೈತ ಹಳ್ಳ ಹುಡುಕ್ತಾಳ," ಎಂದು ನಗಾಡಿದ್ದರು. ಹುಡುಕಿದ್ದು ನಿಜ. ಹಳ್ಳು, ಅಂದರೆ ಕಲ್ಲಿನ ಚೂರು, ಇದ್ದದ್ದೂ ನಿಜ.

ಆ ಮಾವನವರು ತೀರಿಕೊಳ್ಳುವ ಮೊದಲೇ ತಮ್ಮ ಜಾಗ ತೋರಿಸಿ ಹೋಗಿದ್ದರು. ನಮ್ಮ ಹೊಲದ ಹೆಚ್ಚಿನ ಭಾಗ ಕಪ್ಪು ಎರೆ. ಮೂಲೆಯಲ್ಲಿ ಮಾತ್ರ ಒಂದು ಪಟ್ಟಿ ಕೆಂಪು ಮುರುಮು, ತೊಗರಿ ಕೂಡ ಸರಿಯಾಗಿ ಬಾರದ ಜಾಗ. "ಛಲೋ ಮಣ್ಣ ಬೆಳಿಗಿ ಬಿಡ್ರಿ, ನಂಗ ಮುರುಮ ಸಾಕು," ಎಂದಿದ್ದರು. ಅಲ್ಲೇ ಮಣ್ಣು ಮಾಡಿದೆವು, ಗದ್ದುಗೆ ಕಟ್ಟಿದೆವು. ಆಮೇಲೆ ಯಜಮಾನರು ದ್ರಾಕ್ಷಿ ಹಚ್ಚುವಾಗ ಸಾಲುಗಳು ಉದ್ದಕ್ಕೆ ಹೋಗಿ ಗದ್ದುಗೆಯನ್ನೂ ಸುತ್ತುವರಿದವು. ಊರವರು ಆ ಹೊಲಕ್ಕೆ ಗದ್ದುಗಿ ಹೊಲ ಅಂತಲೇ ಕರೆಯತೊಡಗಿದರು.

ಮೇಡಮ್ ಅವರ ತಂದೆ ದೊಡ್ಡ ಸಾವುಕಾರರ ಕಾಲದಲ್ಲಿ ಎಲ್ಲಾ ಸಸಾರವಾಗಿತ್ತು. ಅವರಿಗೆ ಬೇಕಾದದ್ದು ತೂಕ. "ಕಡೀ ದಿನದ ತನಕಾ ನೀರ ಕೊಡ್ರಿ, ಹಣ್ಣ ಉಬ್ಬಲಿ," ಎನ್ನುತ್ತಿದ್ದರು. ನಮ್ಮದು, ಭಾಲ್ಕಿ ಕಡೆಯದು, ಕಮಠಾಣದ ಕೆಂಪು ಮಣ್ಣಿನದು, ಎಲ್ಲ ಹಣ್ಣೂ ಒಂದೇ ಹೌದಿನೊಳಗೆ, ದೊಡ್ಡ ತೊಟ್ಟಿಯೊಳಗೆ, ಸುರಿಯುತ್ತಿತ್ತು. ದ್ರಾಕ್ಷಿ ಹೋಗುವ ಗೇಟಿನಲ್ಲೇ ಸಕ್ಕರೆ ಚೀಲಗಳೂ ಹೋಗುತ್ತಿದ್ದವು. ಪ್ರತಿವರ್ಷ ಒಂದೇ ಬಣ್ಣ, ಒಂದೇ ಸಿಹಿ, ಶರಬತ್ತಿನಂಥ ವೈನು ಎಂದು ಕುಡಿದವರು ಹೇಳುತ್ತಿದ್ದರು. ಬಾಟಲಿಯ ಮೇಲೆ ಯಾವುದೋ ದೇಶದ ಕೋಟೆಯ ಚಿತ್ರ. ಬೀದರದಲ್ಲಿ ಇಷ್ಟು ದೊಡ್ಡ ಕೋಟೆ ಇರುವಾಗ ಪರದೇಶದ ಕೋಟೆ ಯಾಕೋ, ದೇವರೇ ಬಲ್ಲ. ನಮ್ಮ ಹಣ್ಣು ಅದರಲ್ಲಿ ಎಲ್ಲಿದೆ ಎಂದು ಯಾರಿಗೂ ಹೇಳಲಾಗುತ್ತಿರಲಿಲ್ಲ. ನಮಗೆ ಬೇಕಾದದ್ದೂ ಅದೇ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತೆ ಕುಡಿದೆವು.

ನಾನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದೆ. ಇಷ್ಟೆಲ್ಲ ಮನೂಕಾ ಆಗುವ ಮನೆಗೆ ಒಂದು ಹಿಡಿ ಮನೂಕಾ ಬರದಿದ್ದರೆ ಅತ್ತೆಗೆ ಶಕ್ ಬಾರದೆ ಇರುತ್ತದೆಯೇ? ಬೀದರದ ಪೇಟೆಗೆ ಹೋಗಿ ಉದ್ದನೆಯ, ಬಂಗಾರದ ಬಣ್ಣದ, ದುಬಾರಿ ಮನೂಕಾ ತಂದೆ. ಪೊಟ್ಟಣ ಹರಿದು ಒಲೆಗೆ ಹಾಕಿ, ಡಬ್ಬಿಗೆ ಸುರಿದು ಅತ್ತೆಯ ಮುಂದಿಟ್ಟೆ. "ನಮ್ಮ ಹೊಲದ್ದ ನೋಡ್ರಿ ಅತ್ತಿ." ಅವರು ಒಂದನ್ನು ಬೆಳಕಿಗೆ ಹಿಡಿದು ನೋಡಿ ಬಾಯಿಗೆ ಹಾಕಿಕೊಂಡರು. "ಛಂದ ಆಗ್ಯಾವ," ಎಂದರು. ಸ್ವಲ್ಪ ಹೊತ್ತಾದ ಮೇಲೆ, "ಭಾಳ ಛಂದ ಆಗ್ಯಾವ," ಎಂದು ಇನ್ನೊಮ್ಮೆ ಅಂದು, ಒಂದು ಹಿಡಿಯನ್ನು ಗದ್ದುಗೆಗೆ ಎಡೆ ಇಟ್ಟು ಬಂದರು. ಅಪ್ಪನ ಮಗಳು ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ.

ದೊಡ್ಡ ಸಾವುಕಾರರು ಹಾಸಿಗೆ ಹಿಡಿದು ಕಾರಭಾರ ಮಗಳ ಕೈಗೆ ಬಂದದ್ದೇ ನಮ್ಮ ನೆಮ್ಮದಿ ಹೋಯಿತು. ಮೊದಲ ದಿನವೇ ನಮ್ಮ ಅಂಗಳದಲ್ಲಿ ನಿಂತು, "ಇನ್ನು ಮುಂದೆ ಎಣ್ಣೆ ಹೊಡೆಯೋದು ಪೂರ್ತಿ ಬಂದ್ ಮಾಡಬೇಕು," ಎಂದು ದೊಡ್ಡ ದನಿಯಲ್ಲಿ ಹೇಳಿದರು. ನಮ್ಮ ಕಡೆ ಬೆಳೆಗೆ ಔಷಧಿ ಸಿಂಪಡಿಸುವುದಕ್ಕೆ ಎಣ್ಣಿ ಹೊಡಿಯೋದು ಅನ್ನುತ್ತಾರೆ. ಮಂದಿ ಕುಡಿಯುವುದಕ್ಕೂ ಅದೇ ಮಾತು. ಒಳಗೆ ರೊಟ್ಟಿ ತಟ್ಟುತ್ತಿದ್ದ ಅತ್ತೆ ಹಿಟ್ಟಿನ ಕೈಯಲ್ಲೇ ಹೊರಗೆ ಬಂದರು. ಪೇಟೆಯ ಹೆಂಗಸರನ್ನು ಬಾಯಿ ಎಂದು ಕರೆಯುವುದು ಅವರ ರೂಢಿ.

"ಯಾರ ಹೊಡಿಲತ್ತಾರ ಬಾಯಿ? ನನ್ನ ಮಗಾನ?"

ಯಜಮಾನರ ಮುಖ ಬಿಳಿಚಿಕೊಂಡಿತು. ನಾನು ಓಡಿಹೋಗಿ ಮೂಲೆಯಲ್ಲಿದ್ದ ಸ್ಪ್ರೇ ಪಂಪು ಹೊತ್ತು ತಂದು ಅತ್ತೆಯ ಮುಂದೆ ಕುಕ್ಕಿದೆ. "ಈ ಎಣ್ಣಿ ಅತ್ತಿ, ಈ ಎಣ್ಣಿ! ಹುಳದ ಎಣ್ಣಿ!" ಅತ್ತೆ ಪಂಪನ್ನೂ ಮಗನನ್ನೂ ಮೇಡಮ್ ಅವರನ್ನೂ ಒಂದು ಸುತ್ತು ನೋಡಿ ಒಳಗೆ ಹೋದರು. ಪಕ್ಕದ ಹೊಲದ ಕಾಕಾ ಬೇಲಿಯಾಚೆ ನಿಂತು ಎಲ್ಲ ಕೇಳಿಸಿಕೊಂಡಿದ್ದ. ಸಂಜೆ ಸಿಕ್ಕಾಗ ಯಜಮಾನರಿಗೆ, "ಎಣ್ಣಿ ಹೊಡಿಲಾರದಂಗ ಬೆಳಸಬೇಕಂತ, ಎಣ್ಣಿ ಹೊಡಿಯವ್ರಿಗಿ ಕುಡಸಬೇಕಂತ. ಛಲೋ ಅದ ಬಿಡಪ್ಪಾ ನಿಮ್ಮ ಮನೂಕಾ," ಎಂದು ಕಣ್ಣು ಹೊಡೆದನಂತೆ. ಊರಿಗೆಲ್ಲ ಗೊತ್ತಿತ್ತು. ಅತ್ತೆಯ ಮುಂದೆ ಬಾಯಿಬಿಡುವ ಧೈರ್ಯ ಮಾತ್ರ ಯಾರಿಗೂ ಇರಲಿಲ್ಲ.

ಮೇಡಮ್ ಅವರ ಒಂದೊಂದು ಮಾತಿಗೂ ನನಗೆ ಒಂದೊಂದು ಶಕ್. ನೀರು ಕಡಿಮೆ ಕೊಡಿ ಎಂದರು. ಯಾಕೆ? ಕಾಯಿ ಹಸಿರಿರುವಾಗಲೇ ಅರ್ಧ ಗೊನೆ ಕತ್ತರಿಸಿ ನೆಲಕ್ಕೆ ಹಾಕಿ ಎಂದರು. ಅಯ್ಯೋ ಶಿವನೇ, ಯಾಕೆ? ತೂಕ ಕಡಿಮೆ ಬರಲಿ ಎನ್ನುವ ವ್ಯಾಪಾರಿಯನ್ನು ನಮ್ಮಪ್ಪನ ಗಂಜು ಹುಟ್ಟಿದಾಗಿನಿಂದ ಕಂಡಿಲ್ಲ. ಉಳಿದ ಗೊನೆಗೆ ರುಚಿ ಗಟ್ಟಿಯಾಗುತ್ತದಂತೆ. ಇನ್ನು ಮೇಲೆ ತೂಕಕ್ಕಲ್ಲ, ಹೊಲಕ್ಕೆ ರೇಟಂತೆ. ಅತಿ ವಿನಯ ಧೂರ್ತನ ಲಕ್ಷಣ ಎಂದು ನಾನು ಯಜಮಾನರಿಗೆ ದಿನಾ ರಾಗ ಹಾಡಿದೆ. "ಇವತ್ತ ತೂಕ ಬ್ಯಾಡ ಅಂತಾರ, ನಾಳಿ ಹಣ್ಣೇ ಬ್ಯಾಡ ಅಂತಾರ, ನಾಡದ ಹೊಲಾನೇ ಬರದ ಕೊಡ ಅಂತಾರ. ನೋಡಕೋತ ಇರ್ರಿ."

ಮೊದಲ ವರ್ಷ ನನ್ನ ಮಾತೇ ನಿಜವಾಗುವಂತೆ ಕಂಡಿತು. ಔಷಧಿ ಇಲ್ಲದೆ ಬೂದಿ ರೋಗ ಬಂದು, ಎರೆಯ ಕಡೆಯ ಸಾಲುಗಳ ಎಲೆಯ ಮೇಲೆಲ್ಲ ಬಿಳಿ ಹಿಟ್ಟು ಹರಡಿತು. ಯಜಮಾನರು ಊಟ ಬಿಟ್ಟರು. ಮೇಡಮ್ ಅವರು ತಾವೇ ಬಂದು, ರೋಗದ ಎಲೆ ಕೀಳಿಸಿ, ಗಾಳಿಯಾಡುವಂತೆ ಬಳ್ಳಿ ಬಿಡಿಸಿ ಕಟ್ಟಿಸಿ, ಮಜ್ಜಿಗೆ ನೀರು ಹೊಡೆಸಿದರು. ಸಗಣಿ, ಗಂಜಳ, ಬೆಲ್ಲ, ಕಡಲೆಹಿಟ್ಟು ಕಲಸಿದ ಡ್ರಮ್ಮು ನಮ್ಮ ಬಾವಿಯ ಹತ್ತಿರ ಬಂದು ಕೂತಿತು. ಅದರ ವಾಸನೆಗೆ ಮನೆಗೆ ಬರುವ ನೆಂಟರು ಕಡಿಮೆಯಾದರು. ಅದೊಂದು ಲಾಭ. ಮುಂದಿನ ವರ್ಷದಿಂದ ಮಣ್ಣಿನಲ್ಲಿ ಎರೆಹುಳ ಕಂಡವು. ಹಣ್ಣು ಸಣ್ಣದಾಯಿತು, ಸಿಪ್ಪೆ ದಪ್ಪವಾಯಿತು, ಬಣ್ಣ ಕಾಡಿಗೆಯ ಹಾಗೆ ಕಪ್ಪಾಯಿತು. ಬಾಯಿಗೆ ಹಾಕಿದರೆ ಒಂದೇ ಹಣ್ಣಿನಲ್ಲಿ ಬಾಯಿ ತುಂಬುತ್ತಿತ್ತು. ಅದು ನಿಜ. ಒಪ್ಪಿಕೊಳ್ಳಲು ಹೊಟ್ಟೆ ಉರಿಯುತ್ತದೆ, ಆದರೂ ನಿಜ.

ನನ್ನ ಶಕ್ ಮಾತ್ರ ಇಳಿಯಲಿಲ್ಲ, ಯಾಕೆಂದರೆ ಮೇಡಮ್ ಅವರ ಕಣ್ಣು ಆ ಮುರುಮಿನ ಪಟ್ಟಿಯ ಮೇಲೆ ಬಿದ್ದಿತ್ತು. ಕಪ್ಪು ಎರೆಯ ಬಗ್ಗೆ ಮಾತೇ ಇಲ್ಲ. ತೊಗರಿ ಬಾರದ ಜಾಗದ ಮೇಲೆ ಎಲ್ಲಿಲ್ಲದ ಪ್ರೀತಿ. ಮಣ್ಣು ನೆಕ್ಕಿದ್ದೂ ಅಲ್ಲೇ. ಆಮೇಲೆ ಆಳು ಕರೆದುಕೊಂಡು ಬಂದು ಗದ್ದುಗೆಗೆ ಮಾರು ದೂರದಲ್ಲಿ ಆಳೆತ್ತರದ ಗುಂಡಿ ತೋಡಿಸಿದರು. ಕಾಕಾ, "ನಿಜಾಮನ ಕಾಲದ ಬಂಗಾರದ ಹಂಡೇ ಇರಬೇಕು, ಹುಷಾರ್," ಎಂದ. ನಾನು ಸೀರೆ ಎತ್ತಿ ಕಟ್ಟಿ ಗುಂಡಿಯ ಅಂಚಿನಲ್ಲೇ ಕೂತೆ. ಹಂಡೆ ಬಂದರೆ ಮೊದಲು ನಾನೇ ನೋಡಬೇಕಲ್ಲ. ಬಂದದ್ದು ಮೇಲೆ ಕೆಂಪು, ಕೆಳಗೆ ಸುಣ್ಣದಂಥ ಬಿಳಿ ಪದರ, ಅದರೊಳಗೆ ದಾರದಂತೆ ಇಳಿದ ಬೇರು. ಮೇಡಮ್ ಅವರು ಆ ಬೇರನ್ನು ಕೂಸಿನ ಜುಟ್ಟು ಸವರಿದಂತೆ ಸವರಿದರು. "ನೋಡಿ ಅಕ್ಕಾ, ಎಷ್ಟು ಕಷ್ಟಪಟ್ಟು ಇಳಿದಿದೆ. ಅದಕ್ಕೇ ಈ ಸಾಲಿನ ಹಣ್ಣು ಬೇರೆ."

ಅತ್ತೆ ಗದ್ದುಗೆ ಕಟ್ಟೆಯಿಂದಲೇ ಕೇಳಿದರು: "ಮನೂಕಾಕ್ಕ ಇಷ್ಟ ಆಳ ಗುಂಡಿ ಯಾಕ ಬೇಕ ತಂಗಿ?"

"ಸರಕಾರದ ರೂಲಿಸ್ ಅತ್ತಿ," ಎಂದೆ. ನಮ್ಮಲ್ಲಿ ಯಾವುದಕ್ಕೂ ಉತ್ತರ ಇಲ್ಲದಾಗ ಅದೇ ಉತ್ತರ. ಅತ್ತೆ "ಹೌದೇನು" ಎಂದು ಮತ್ತೆ ಗುಡಿಸತೊಡಗಿದರು.

ಆ ಸಲ ಕೊಯ್ಲಿಗೆ ಮೊದಲು ಮೇಡಮ್ ಅವರು ನಮ್ಮಿಬ್ಬರನ್ನೂ ಬೀದರಕ್ಕೆ ಕರೆಸಿದರು. ಫ್ಯಾಕ್ಟರಿ ನೋಡಿ ಬನ್ನಿ, ಚಹಾ ಕುಡಿದು ಹೋಗಿ ಎಂದು. ಔರಾದದಿಂದ ಬಸ್ಸು ಹಿಡಿದು ಹೋದೆವು. ಒಳಗೆ ಕಾಲಿಡುವಾಗ ನಾನು ಸೆರಗಿನಿಂದ ಮೂಗು ಮುಚ್ಚಿಕೊಂಡಿದ್ದೆ. ಹೆಂಡದಂಗಡಿಯ ವಾಸನೆ ಬರುತ್ತದೆಂದುಕೊಂಡಿದ್ದೆ, ಬಂದದ್ದು ಹುದುಗಿದ ಹಿಟ್ಟಿನ ಹುಳಿ ವಾಸನೆ. ಹಳೆಯ ದೊಡ್ಡ ಹೌದು ಖಾಲಿ ಬಿದ್ದಿತ್ತು. ಅದರ ಬದಲು ಸಾಲಾಗಿ ಸಣ್ಣ ಸ್ಟೀಲಿನ ಟಾಕಿಗಳು, ಒಂದೊಂದರ ಮೇಲೂ ಸೀಮೆಸುಣ್ಣದಲ್ಲಿ ಬರೆದ ಊರಿನ ಹೆಸರು. ಕಮಠಾಣ ಒಂದು. ಭಾಲ್ಕಿ ಎರೆ ಒಂದು. ಒಂದು ಊರಿನ ಹಣ್ಣು ಇನ್ನೊಂದಕ್ಕೆ ಸೇರುವುದಿಲ್ಲ, ಸಕ್ಕರೆ ಇಲ್ಲ, ಬಣ್ಣವಿಲ್ಲ. ಹುಳಿ ಬರಿಸುವ ಪುಡಿಯನ್ನೂ ಪಾಕೀಟಿನಿಂದ ಹಾಕುವುದಿಲ್ಲವಂತೆ. ಹಣ್ಣಿನ ಸಿಪ್ಪೆಯ ಮೇಲೆ ತೆಳ್ಳಗೆ ಬಿಳಿ ಮಸುಕು ಇರುತ್ತದಲ್ಲ, ಹುಳಿ ಬರಿಸುವ ಜೀವ ಅಲ್ಲೇ ಕೂತಿರುತ್ತದೆ, ಅದಕ್ಕೇ ಹಣ್ಣು ತೊಳೆಯಲೇಬಾರದು ಎಂದರು. ತೊಳೆಯದೆ ತಿನ್ನುವ ಮಂದಿಗೆ ನಾವು ಹೊಲಸು ಅನ್ನುತ್ತೇವೆ, ಇವರು ಅದಕ್ಕೆ ವಿದ್ಯೆ ಅನ್ನುತ್ತಾರೆ.

ಕೊನೆಯ ಟಾಕಿಯ ಮೇಲೆ ಬರೆದದ್ದು ಓದಿ ಮೂಗಿನ ಮೇಲಿನ ಸೆರಗು ಬಿಟ್ಟೆ. ಗದ್ದುಗಿ.

"ಇದು ನಿಮ್ಮ ಮುರುಮಿನ ಸಾಲುಗಳಿಗೆ ಅಕ್ಕಾ," ಎಂದರು ಮೇಡಮ್, ಮುಖವೆಲ್ಲ ಅರಳಿಸಿಕೊಂಡು. "ಬಾಟಲಿ ಮೇಲೂ ಅದೇ ಹೆಸರು. ಪರದೇಶದ ಕೋಟೆ ತೆಗೆದುಹಾಕ್ತೀನಿ. ಯಾವ ಊರು, ಯಾವ ಹೊಲ, ಯಾವ ಮಣ್ಣು, ಎಲ್ಲ ಬರೀತೀನಿ."

"ಬರದೀರಿ ಅಂದ್ರ ನೋಡ್ರಿ ಮತ್ತ!" ನನ್ನ ದನಿ ಟಾಕಿಗಳಿಗೆ ಬಡಿದು ವಾಪಸು ಬಂತು. "ನಮ್ಮ ಮಾವ ಒಂದ್ ದಿನ ಅಡಕಿ ಬಾಯಿಗಿ ಹಾಕಿದವರಲ್ಲ. ಅವ್ರನ್ನ ಹುಗದ ಜಾಗಾದ ಹೆಸರ ಹೆಂಡದ ಬಾಟ್ಲಿ ಮ್ಯಾಲ ಬರೀತೀರಾ? ನಮ್ಮತ್ತಿಗಿ ಗೊತ್ತಾದ್ರ ಒಂದ್ ಬಳ್ಳಿ ಉಳಿಸಂಗಿಲ್ರಿ. ನಿಮಗ ಹಣ್ಣ ಬೇಕು, ತಗೊಂಡ ಹೋಗ್ರಿ. ಹೆಸರ ಯಾಕ ಬೇಕು?"

ಮೇಡಮ್ ಅವರು ಬೆಪ್ಪಾಗಿ ನಿಂತರು. ಅತ್ತೆಗೆ ಗೊತ್ತಿಲ್ಲ ಎಂಬುದು ಅವರಿಗೆ ತಿಳಿದದ್ದೇ ಆಗ. "ಅಕ್ಕಾ, ಹೆಸರು ಇಲ್ಲದಿದ್ರೆ ನಾನು ಮಾಡೋದೆಲ್ಲ ಯಾಕೆ? ಎಲ್ಲಿಂದ ಬಂತು ಅಂತ ಹೇಳಲಾಗದ ವೈನ್‌ಗೂ ಅಪ್ಪ ಮಾಡ್ತಿದ್ದ ಶರಬತ್ತಿಗೂ ಏನು ವ್ಯತ್ಯಾಸ?" ಎಂದರು. ಅವರಿಗೆ ಸಿಟ್ಟಿರಲಿಲ್ಲ, ದುಃಖವಾಗಿತ್ತು. ಆದರೆ ದುಃಖದ ಮುಖ ಮಾಡಿ ತಕ್ಕಡಿ ಒತ್ತುವವರನ್ನೂ ನಾನು ಕಂಡವಳು. ಚಹಾ ಮುಟ್ಟದೆ ಎದ್ದುಬಂದೆ.

ಬಸ್ಸಿನಲ್ಲಿ ಯಜಮಾನರು ಕಿಟಕಿಯಾಚೆಯ ಹೊಲಗಳನ್ನು ನೋಡುತ್ತ ಕೂತರು. ಹೊಲದಲ್ಲಿ ಎಷ್ಟು ವರ್ಷದ ಬೆವರಿತ್ತೋ ಅಷ್ಟೂ ಅವರ ಮುಖದಲ್ಲಿತ್ತು. "ಅವ್ವನ್ನ ಬಿಡಲಿಕ್ಕ ಆಗಂಗಿಲ್ಲ, ಬಳ್ಳೀನೂ ಬಿಡಲಿಕ್ಕ ಆಗಂಗಿಲ್ಲ," ಎಂದು ಊರು ಬಂದಾಗ ಅಂದರು. ನನಗೆ ಅಳು ಬಂತು, ಬೈದು ಮುಚ್ಚಿಕೊಂಡೆ.

ಕೊಯ್ಲಿನ ಹೊತ್ತಿಗೆ ಮೇಡಮ್ ಅವರು ಹಣ್ಣಿನ ರುಚಿ ನೋಡಲು ಬಂದರು. ಹೆಸರಿನ ಮಾತು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಎರೆಯ ಸಾಲು ದಾಟಿ ಮುರುಮಿಗೆ ಬಂದವರು ಗಕ್ಕನೆ ನಿಂತರು. ಗದ್ದುಗೆಯ ಸುತ್ತಲಿನ ಬಳ್ಳಿಗಳಲ್ಲಿ, ಗೊನೆಯ ಪಕ್ಕದ ಎಲೆ, ತೊಟ್ಟು ಎಲ್ಲ ಬಿಳಿ ಬಿಳಿ. ಹಣ್ಣಿನ ಮೇಲೂ ಅಲ್ಲಲ್ಲಿ ಅದೇ.

"ಬೂದಿ ರೋಗೇನ್ರಿ?" ಎಂದೆ ಗಾಬರಿಯಾಗಿ.

ಅವರು ಉಜ್ಜಿ ನೋಡಿದರು, ಮೂಸಿ ನೋಡಿದರು. ಅವರ ಮುಖ ಗಂಜಿನ ವ್ಯಾಪಾರಿಯ ಮುಖವಾಯಿತು. "ರೋಗ ಅಲ್ಲ. ಯಾರೋ ಪುಡಿ ಹಾಕಿದಾರೆ. ನಿಜ ಹೇಳಿ ಅಕ್ಕಾ, ಏನು ಹೊಡೆದಿರಿ? ನನಗೆ ಹೇಳದೆ ಹೊಡೆದಿದ್ದರೆ ಈ ಹೊಲವನ್ನೇ ಬಿಡಬೇಕಾಗುತ್ತೆ. ಇಷ್ಟು ವರ್ಷ ಮಾಡಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ."

ಊರನ್ನೆಲ್ಲ ಶಂಕಿಸುತ್ತಿದ್ದವಳನ್ನೇ ಈಗ ಇನ್ನೊಬ್ಬರು ಶಂಕಿಸಿದರು. ಮೈಯೆಲ್ಲ ಉರಿಯಿತು. ಉರಿ ಇಳಿಸಲು ಯಜಮಾನರ ಕಡೆ ತಿರುಗಿದೆ. ಹಿಂದಿನ ವಾರ ಔರಾದದಿಂದ ಏನೋ ಚೀಲ ತಂದಿದ್ದರು. ಅವರು ತಲೆ ತಗ್ಗಿಸಿ ಬೇರೆ ನಿಂತಿದ್ದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಗಂಡಸು ಅವರು, ಕದ್ದಿರಲಿ ಬಿಡಲಿ.

"ಏನ್ರೀ, ಹೊಡದೀರೇನು?"

"ನಿಮ್ಮಪ್ಪನ ಆಣಿ, ಹೊಡದಿಲ್ಲ. ಚೀಲದಾಗ ಹಿಂಡಿ ಇತ್ತು, ಎಮ್ಮಿಗಿ."

"ನಮ್ಮಪ್ಪನ ಆಣಿ ಯಾಕ? ನಿಮ್ಮಪ್ಪನ ಗದ್ದುಗಿ ಮುಟ್ಟಿ ಹೇಳ್ರಿ!"

ಯಜಮಾನರು ಹೋಗಿ ಗದ್ದುಗೆಯ ಮೇಲೆ ಅಂಗೈ ಊರಿದರು. "ನಾ ಹೊಡದಿಲ್ಲ," ಎಂದು ಕೈ ಎತ್ತಿದರು. ಅಂಗೈ ಬೆಳ್ಳಗಾಗಿತ್ತು.

ಮೂವರೂ ಆ ಕೈ ನೋಡಿದೆವು. ನಾನು ಹತ್ತಿರದ ಎಲೆಯೊಂದನ್ನು ಹಿಡಿದು ಬಿಸಿಲಿಗೆ ತಿರುಗಿಸಿದೆ. ಪಂಪು ಹೊಡೆದಿದ್ದರೆ ಹನಿಹನಿಯಾಗಿ ಬೀಳಬೇಕು. ಇಲ್ಲಿ ಅಡ್ಡಕ್ಕೆ ಎಳೆದ ಗೆರೆಗಳು. ಒಂದರ ಕೆಳಗೆ ಒಂದು, ಮೂರು. ಪಕ್ಕದ ಎಲೆಯಲ್ಲೂ ಮೂರು. ಗೊನೆಯ ಮೇಲೂ ಮೂರು ಬೆರಳಿನ ಗುರುತು. ಆ ಮೂರು ಬೆರಳು ದಿನಾ ಬೆಳಗ್ಗೆ ನನ್ನ ಹಣೆಯ ಮೇಲೂ ಗೆರೆ ಎಳೆಯುತ್ತಿದ್ದವು. ಇದು ಏನೆಂದು ಹೇಳಿದರೆ ಹೊಲ ಉಳಿಯುತ್ತದೆ, ಆದರೆ ಯಾರು, ಯಾಕೆ ಎಂಬ ಮಾತು ಬರುತ್ತದೆ, ಅತ್ತೆಯ ಮುಂದೆ ವೈನಿನ ಮಾತು ಬರುತ್ತದೆ. ಹೇಳದಿದ್ದರೆ ಮೇಡಮ್ ಅವರು ಈಗಲೇ ಬಿಟ್ಟುಹೋಗುತ್ತಾರೆ. ಆ ಎಲೆಯನ್ನು ಸೆರಗಿನಲ್ಲಿ ಮುಚ್ಚಿ ಹಿಡಿದೆ.

"ಆಕಿನ್ನ ಯಾಕ ಬೆದರಸ್ತೀ ಬಾಯಿ?"

ಅತ್ತೆ ಹೊಲದ ಗುಡಿಸಲಿನ ಕಡೆಯಿಂದ ಬರುತ್ತಿದ್ದರು. ಕೈಯಲ್ಲಿ ವಿಭೂತಿ ಗಟ್ಟಿ, ಇನ್ನೊಂದು ಕೈಯಲ್ಲಿ ನೀರಿನ ತಂಬಿಗೆ. "ಪುಡಿ ಅಲ್ಲ ಅದು. ಇಬತ್ತಿ. ನಾನೇ ಹಚ್ಚೀನಿ."

"ವಿಭೂತೀನಾ? ದ್ರಾಕ್ಷಿಗೆ ಯಾಕೆ ಅಜ್ಜಿ?" ಎಂದರು ಮೇಡಮ್.

"ಸತ್ತವರಿಗಿ ಹಚ್ಚಿ ಮಣ್ಣಿಗಿ ಕಳಸಂಗಿಲ್ಲೇನು? ಇವೂ ಹೋಗವೇ. ಕುಡಕರ ಹೊಟ್ಟಿಗಿ ಹೊಂಟಾವ. ಯಾವ ಹೊಲದಿಂದ ಬಂದೀವಿ ಅಂಬೋದು ಮರೀಬಾರದಲ್ಲ ಅವು. ವರ್ಷಾ ಒಂದೆರಡ ಗೊನಿಗಿ ಹಚ್ತಿದ್ದೆ. ಈ ಸಲ ಹಣ್ಣ ಛಂದ ಬಂದಾವಂತ ಎಲ್ಲಾಕ್ಕೂ ಹಚ್ಚಿದೆ."

ನನ್ನ ಕಾಲ ಕೆಳಗಿನ ಮುರುಮು ಸರಿದ ಹಾಗಾಯಿತು. ಆದರೂ ನಾಲಿಗೆ ಹಳೆಯ ಚಾಳಿ ಬಿಡಲಿಲ್ಲ. "ಅತ್ತಿ, ಮನೂಕಾ..."

"ಸುಮ್ಮ ಕೂಡ. ನೀ ತಂದ ಮನೂಕಾ ಬಂಗಾರದಂಗ ಇದ್ದೂ. ನಮ್ಮ ಹಣ್ಣ ಕರೀವು. ಕರಿ ಹಣ್ಣ ಒಣಗಿಸಿದ್ರ ಬಂಗಾರದ ಮನೂಕಾ ಆಗ್ತದೇನು, ಅಡತಿ ಅಂಗಡಿ ಮಗಳ?"

ಮೇಡಮ್ ಅವರು ಬೇರೆ ಕಡೆ ಮುಖ ತಿರುಗಿಸಿದರು. ನಕ್ಕರೋ ಏನೋ. ಉಪ್ಪಿಟ್ಟಿನಲ್ಲಿ ಹಳ್ಳು ಹುಡುಕುವವಳಿಗೆ ಇಷ್ಟು ದೊಡ್ಡ ಕಲ್ಲು ಕಂಡಿರಲಿಲ್ಲ. ಯಜಮಾನರು ಮಾತ್ರ ಬೆಳ್ಳಗಿನ ಅಂಗೈಯನ್ನು ಹಾಗೇ ಮುಂದೆ ಹಿಡಿದುಕೊಂಡು, ಹುಡುಗನ ದನಿಯಲ್ಲಿ ಕೇಳಿದರು: "ಅವ್ವಾ, ಗೊತ್ತಿದ್ರ ಯಾಕ ಹೇಳ್ಲಿಲ್ಲ?"

ಅತ್ತೆ ಗದ್ದುಗೆ ಕಟ್ಟೆಯ ಮೇಲೆ ಕೂತರು.

"ಹೇಳಿದ್ರ ಕೀಳ ಅನ್ನಬೇಕಾಗ್ತಿತ್ತು. ನಾ ಅಂದಮ್ಯಾಲ ನೀ ಕೀಳಬೇಕಾಗ್ತಿತ್ತು. ಮೊದಲನೇ ಬ್ಯಾಸಗ್ಯಾಗ ಬೋರ್ ಬತ್ತಿದಾಗ ಈ ಗಿಡಕ್ಕ ಕೊಡ ಹೊತ್ತ ನೀರ ಹಾಕಿದಾಕಿ ನಾನು. ಮಗಾ ಕುಡಕ ಆದ್ರ ಕುತ್ತಿಗಿ ಹಿಚಕ್ತಾರೇನು? ಹಣಿಗಿ ಇಬತ್ತಿ ಹಚ್ಚಿ, ಛಲೋ ಬುದ್ಧಿ ಬರಲಿ ಅಂತ ಕಳಸ್ತಾರ." ಸ್ವಲ್ಪ ಹೊತ್ತು ಗಟ್ಟಿಯನ್ನು ಕೈಯಲ್ಲಿ ತಿರುಗಿಸಿದರು. "ನಮ್ಮ ತಮ್ಮನ ತಾಟ ಎತ್ತಿದ್ದೆ ನಾನು. ಅವ ಮತ್ತ ನಮ್ಮ ಹೊಸ್ತಲಾ ತುಳಿಲಿಲ್ಲ. ಸತ್ತ ಸುದ್ದೀನೇ ಬಂತು. ಒಂದ್ ಸಲ ಎತ್ತಿದ್ದು ಸಾಕು."

ನಾನು ಹೋಗಿ ಅವರ ಪಕ್ಕದಲ್ಲಿ ಕೂತೆ. ಅಳಬಾರದೆಂದು ಎಷ್ಟು ಬಿಗಿ ಹಿಡಿದರೂ ಅತ್ತೇಬಿಟ್ಟೆ. ಅತ್ತೆ ಸೆರಗಿನಿಂದ ನನ್ನ ಮೂಗು ಒರೆಸಿದರು, ಒರಟಾಗಿ, ಎಮ್ಮೆಯ ಮೂತಿ ಒರೆಸಿದ ಹಾಗೆ.

ಮೇಡಮ್ ಅವರು ಮುಂದೆ ಬಂದು, "ತಪ್ಪಾಯ್ತು ಅಜ್ಜಿ," ಎಂದು ಕಾಲಿಗೆ ಬಾಗಿದರು. ಅತ್ತೆ ಅವರ ಹಣೆಗೂ ಮೂರು ಬೆರಳು ಎಳೆದರು. "ಇವನ್ನ ತೊಳೀತಿ ಏನು?" ಎಂದು ಗೊನೆ ತೋರಿಸಿ ಕೇಳಿದರು.

"ಇಲ್ಲ ಅಜ್ಜಿ. ನಾವು ಹಣ್ಣು ತೊಳೆಯೋದೇ ಇಲ್ಲ. ಹೀಗೇ ಹೋಗುತ್ತೆ."

"ಹಂಗಾದ್ರ ತಗೊಂಡ ಹೋಗು. ಹೆಸರೇನ ಬರೀತಿ?"

ಮೇಡಮ್ ಅವರು ನನ್ನ ಮುಖ ನೋಡಿದರು. ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. "ಗದ್ದುಗಿ ಅಂತ ಬರೀಬೇಕು ಅಂದುಕೊಂಡಿದ್ದೆ ಅಜ್ಜಿ. ನಿಮ್ಮ ಹೊಲದ ಹೆಸರು."

"ಅದ ಬ್ಯಾಡ. ಅವ್ರ ಪಾಡಿಗಿ ಅವ್ರ ಮಲಗ್ಯಾರ. ಊರ ಹೆಸರ ಬರಕೋ, ಮಣ್ಣಿನ ಹೆಸರ ಬರಕೋ, ನಾ ಬ್ಯಾಡ ಅನ್ನಂಗಿಲ್ಲ. ಮ್ಯಾಲ ಮಾತ್ರ ದೊಡ್ಡ ಅಕ್ಷರದಾಗ ಮನೂಕಾ ಅಂತ ಬರಿ."

ಮೇಡಮ್ ಅವರು ತಮಾಷೆ ಎಂದುಕೊಂಡು ನಕ್ಕರು. ಅತ್ತೆ ನಗಲಿಲ್ಲ. ಮೇಡಮ್ ಅವರ ನಗು ನಿಂತಿತು. "ಬರೀತೀನಿ," ಎಂದರು.

ಮರುದಿನವೇ ಕೊಯ್ಲು. ಬಿಳಿ ಗೆರೆಯ ಗೊನೆಗಳು ಬೇರೆ ಕ್ರೇಟಿನಲ್ಲಿ ಲಾರಿ ಹತ್ತಿದವು. ಬೇಲಿಯಾಚೆ ಕಾಕಾ ಬಂದು ನಿಂತ. ಅವನಿಗೆ ಮೂಗಿನಲ್ಲೇ ಸುದ್ದಿ ಹತ್ತಿತ್ತು. ಎಂದೂ ಅತ್ತೆಯನ್ನು ಕೇಳುವ ಧೈರ್ಯ ಮಾಡದವನು ಅವತ್ತು ಕೇಳಿಯೇಬಿಟ್ಟ: "ಯಾಕ ಅತ್ತಿಗೆವ್ವಾ, ಎಲ್ಲಿಗಿ ಹೊಂಟದ ಮಾಲು?"

ಅತ್ತೆ ಸೆರಗು ಸರಿಮಾಡಿಕೊಂಡು, ಅವನ ಕಣ್ಣಲ್ಲಿ ಕಣ್ಣಿಟ್ಟು ಹೇಳಿದರು: "ಮನೂಕಾಕ್ಕ."

ಕಾಕಾ ಬೆಪ್ಪಾಗಿ ತನ್ನ ಹೊಲಕ್ಕೆ ತಿರುಗಿದ. ನಾನು ಬಾಯಿಗೆ ಸೆರಗು ತುರುಕಿಕೊಂಡು ನಿಂತಿದ್ದೆ. ಲಾರಿ ಧೂಳೆಬ್ಬಿಸಿ ಬೀದರದ ದಾರಿ ಹಿಡಿದ ಮೇಲೆ ಅತ್ತೆ ನನ್ನ ಕಡೆ ತಿರುಗಿದರು.

"ನಗಬ್ಯಾಡ. ಬಾಟ್ಲಿ ತುಂಬಿದಮ್ಯಾಲ ಹೋಗಿ ನೋಡ್ಕೊಂಡ ಬಾ, ಆ ಬಾಯಿ ಹೆಸರ ಖರೇ ಬರದಾಳೋ ಇಲ್ಲೋ. ಬರದಾಳಂದ್ರ ಮನೂಕಾ ಅನ್ನೂದೂ ಖರೇನೇ ಆಯ್ತು. ಇನ್ನ ಮ್ಯಾಲ ನಮ್ಮ ಮನ್ಯಾಗ ಯಾರೂ ಸುಳ್ಳ ಹೇಳೂದು ಬ್ಯಾಡ."